ಕಾಲು ಹಿಡಿಯುವ ಕೆಲಸ

ಇಪ್ಪತ್ತೊಂಬತ್ತು ವರ್ಷದಿಂದ ನಾನು ಜನರ ಕಾಲು ಹಿಡಿಯುತ್ತಿದ್ದೇನೆ. ಕೈ, ಸೊಂಟ, ಎದೆ, ತಲೆ ಎಲ್ಲವನ್ನೂ ಹಿಡಿದು ತಿರುಗಿಸುತ್ತೇನೆ ಅನ್ನಿ. ಆದರೆ ನಮ್ಮ ಆಸ್ಪತ್ರೆ ಇರುವುದು ಕಾರ್ಖಾನೆಗಳ ಸಾಲಿನ ಪಕ್ಕ, ಬಸ್ ಡಿಪೋದ ಎದುರು. ಬರುವ ಹತ್ತು ಜನರಲ್ಲಿ ನಾಲ್ಕು ಜನ ಕುಂಟಿಕೊಂಡೇ ಬರುತ್ತಾರೆ. ನಾನು ಎಕ್ಸ್‌ರೇ ತೆಗೆಯುವವಳು. "ನನ್ನ ಹೆಂಡ್ತಿ ಊರವರ ಕಾಲು ಹಿಡಿದು ಸಂಸಾರ ಸಾಗಿಸ್ತಾಳೆ" ಎಂದು ನನ್ನ ಗಂಡ ನೆಂಟರ ಮುಂದೆ ಹೇಳಿ ತಾನೇ ಮೊದಲು ನಗುತ್ತಾನೆ. ಮದುವೆಯಾದ ಹೊಸದರಲ್ಲಿ ನನಗೂ ನಗು ಬರುತ್ತಿತ್ತು. ಈಗ ಅವನು ಬಾಯಿ ತೆರೆಯುವ ಮೊದಲೇ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಒಂದು ಪಾದದಲ್ಲಿ ಇಪ್ಪತ್ತಾರು ಎಲುಬು. ಹೇಳಿದರೆ ಜನ ನಂಬುವುದಿಲ್ಲ, ತಮ್ಮ ಚಪ್ಪಲಿಯ ಕಡೆ ಒಮ್ಮೆ ನೋಡಿಕೊಳ್ಳುತ್ತಾರೆ. ಹಿಮ್ಮಡಿಯದೊಂದು ದೊಡ್ಡದು, ಅದರ ಮೇಲೆ ಸವಾರಿ ಕೂತದ್ದು ಇನ್ನೊಂದು, ನಡುವೆ ಒತ್ತೊತ್ತಾಗಿ ಕೂಡಿಸಿಟ್ಟ ಐದು ಗಟ್ಟಿ ತುಂಡು, ಅಲ್ಲಿಂದ ಮುಂದಕ್ಕೆ ಐದು ಉದ್ದ ಎಲುಬು, ಉಳಿದ ಹದಿನಾಲ್ಕು ಬೆರಳುಗಳ ಪಾಲು. ಇಷ್ಟೂ ಒಂದೇ ಚಿತ್ರದಲ್ಲಿ ಕಾಣುವುದಿಲ್ಲ, ಒಂದರ ಹಿಂದೆ ಒಂದು ಅವಿತುಕೊಳ್ಳುತ್ತವೆ. ಅದಕ್ಕೇ ಮೂರು ಭಂಗಿ. ಮೊದಲನೆಯದಕ್ಕೆ ಮಂಡಿ ಮಡಚಿ ಅಂಗಾಲನ್ನು ಚಿತ್ರ ಮೂಡುವ ಪ್ಲೇಟಿನ ಮೇಲೆ ಪೂರ್ತಿ ಊರಬೇಕು, ಯಂತ್ರದ ಕೊಳವೆಯನ್ನು ನಾನು ಹಿಮ್ಮಡಿಯ ಕಡೆಗೆ ತುಸು ವಾಲಿಸುತ್ತೇನೆ. ಎರಡನೆಯದಕ್ಕೆ ಕಾಲನ್ನು ಒಳಗೆ ಓರೆ ಮಾಡಿ ಹೊರಅಂಚಿನ ಕೆಳಗೆ ಸ್ಪಂಜಿನ ತುಂಡು ಕೊಡುತ್ತೇನೆ. ಮೂರನೆಯದು ಪಕ್ಕಕ್ಕೆ ಮಲಗಿಸಿ. ಜನ ಈ ಮೂರಕ್ಕೂ ಗೊಣಗುತ್ತಾರೆ. "ನೋವಿರೋ ಕಡೆ ಒಂದು ಫೋಟೋ ಹೊಡೆದ್ರೆ ಸಾಲ್ದಾ" ಅನ್ನುತ್ತಾರೆ. "ಎದುರಿನಿಂದಷ್ಟೇ ನೋಡಿ ಹೆಣ್ಣು ಒಪ್ಪಿಕೊಳ್ಳೋ ಕಾಲ ಹೋಯ್ತು, ತಿರುಗಿ" ಅನ್ನುತ್ತೇನೆ. ನನಗೆ ಬಾಯಿ ಜಾಸ್ತಿ ಎಂದು ಆಸ್ಪತ್ರೆಯ ಕಾವಲುಗಾರನಿಗೂ ಗೊತ್ತು.

ಈ ಮೂರರ ಆಚೆ ಇನ್ನೊಂದು ಪದ್ಧತಿಯಿದೆ: ನಿಲ್ಲಿಸಿ ತೆಗೆಯುವುದು. ಪಾದದ ನಡುಭಾಗದಲ್ಲಿ ಎಲುಬುಗಳನ್ನು ಕಟ್ಟಿಹಾಕಿರುವ ನಾರು ಹರಿದಿದ್ದರೆ, ಕೂತಾಗಲೋ ಮಲಗಿದಾಗಲೋ ತೆಗೆದ ಚಿತ್ರದಲ್ಲಿ ಎಲ್ಲವೂ ಸಾಧುವಾಗಿ ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ. ಮೈಭಾರ ಬಿದ್ದಾಗ ಮಾತ್ರ ಸಂದು ಬಾಯಿ ಬಿಡುತ್ತದೆ. ಅದಕ್ಕಾಗಿ ನಮ್ಮ ಕೋಣೆಯಲ್ಲಿ ಎರಡು ಮೆಟ್ಟಿಲಿನ ಮರದ ಪೀಠವೊಂದಿದೆ, ಹಿಡಿದುಕೊಳ್ಳಲು ಪಕ್ಕದಲ್ಲಿ ಕಬ್ಬಿಣದ ಕಂಬಿ. ನಿಲ್ಲಿಸಿ ತೆಗೆಯುವಾಗ ಪ್ಲೇಟಿಗೆ ಎಡ ಅಥವಾ ಬಲ ಎಂಬ ಅಕ್ಷರದ ಜೊತೆಗೆ ಸೀಸದ ಒಂದು ಪುಟ್ಟ ಬಾಣವನ್ನೂ ಅಂಟಿಸಬೇಕು. ಚಿತ್ರದ ಮೂಲೆಯಲ್ಲಿ ಆ ಬಾಣ ಬೆಳ್ಳಗೆ ಕಂಡರೆ 'ಈ ಮನುಷ್ಯ ನಿಂತಿದ್ದಾನೆ' ಎಂದರ್ಥ. ಡಾಕ್ಟರು ನಮ್ಮ ಕೋಣೆಗೆ ಬಂದು ನೋಡುವುದಿಲ್ಲ. ಅವರು ನಂಬುವುದು ಬಾಣವನ್ನು.

ಇನ್ನು ನನ್ನ ನಾದಿನಿಯ ವಿಷಯ. ನನ್ನ ಗಂಡನ ತಂಗಿ, ಮೂವತ್ತಾರು ವರ್ಷ, ಮದುವೆಯ ಗೊಡವೆಗೆ ಹೋಗದವಳು, ನಮ್ಮ ಜೊತೆಯಲ್ಲೇ ಇರುವವಳು. ಮನೆಯಲ್ಲಿ ಅವಳಿಗೆ ಸಬೂಬಮ್ಮ ಎಂದು ಹೆಸರು. ಶಾಲೆಗೆ ಹೋಗುವಾಗ ಲೆಕ್ಕದ ಪರೀಕ್ಷೆಯ ದಿನವೇ ಹೊಟ್ಟೆನೋವು ಬರುತ್ತಿತ್ತಂತೆ. ಟೈಪಿಂಗ್ ಕಲಿಯಲು ಹೋದರೆ ಬೆರಳು ಜೋಮು ಹಿಡಿಯುತ್ತಿತ್ತು, ಬಟ್ಟೆ ಅಂಗಡಿಗೆ ಸೇರಿದರೆ ಧೂಳಿಗೆ ಸೀನು, ಔಷಧಿ ಅಂಗಡಿಗೆ ಸೇರಿದರೆ ವಾಸನೆಗೆ ತಲೆನೋವು. ಇಂಥವಳು ಒಂದು ದಿನ ಬಂದು, ತಾನು ಬಸ್ ಓಡಿಸುವುದನ್ನು ಕಲಿಯುತ್ತೇನೆ, ಡಿಪೋದವರು ತರಬೇತಿಗೆ ತೆಗೆದುಕೊಂಡಿದ್ದಾರೆ ಅಂದಳು. "ಎರಡು ವಾರ, ಮೂರನೇ ವಾರಕ್ಕೆ ಡೀಸೆಲ್ ವಾಸನೆಗೆ ವಾಂತಿ ಬರುತ್ತೆ ನೋಡ್ತಿರು" ಎಂದು ನಾನು ಗಂಡನ ಕಿವಿಯಲ್ಲಿ ಹೇಳಿದ್ದೆ.

ಆರು ತಿಂಗಳಾಯಿತು, ವಾಂತಿ ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ತನ್ನ ಚಹಾ ತಾನೇ ಮಾಡಿಕೊಂಡು, ನಮ್ಮ ನಿದ್ದೆ ಕೆಡದಂತೆ ಬಾಗಿಲೆಳೆದುಕೊಂಡು ಹೋಗುತ್ತಿದ್ದಳು. ಸಂಜೆ ಬಂದು ಊಟದ ಮೇಜಿನ ಕೆಳಗೆ ಎಡಗಾಲಿನಲ್ಲಿ ಇಲ್ಲದ ಕ್ಲಚ್ ಒತ್ತುತ್ತಿದ್ದಳು. ಅದು ಅವಳಿಗೇ ಗೊತ್ತಾಗುತ್ತಿರಲಿಲ್ಲ, ನನಗೆ ಮೇಜು ಅಲುಗುವುದು ಗೊತ್ತಾಗುತ್ತಿತ್ತು. ಇನ್ನು ಉಳಿದಿದ್ದದ್ದು ಕೊನೆಯ ಪರೀಕ್ಷೆ ಒಂದೇ, ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಪಾಸಾದರೆ ಕೆಲಸ ಖಾಯಂ.

ಅದಕ್ಕೆ ಮುಂಚಿನ ಗುರುವಾರ ಮಧ್ಯಾಹ್ನ ಡಿಪೋದ ಜೀಪು ಅವಳನ್ನು ನಮ್ಮ ಆಸ್ಪತ್ರೆಯ ಬಾಗಿಲಿಗೇ ತಂದಿತು. ಬಸ್ಸಿನಿಂದ ಇಳಿಯುವಾಗ ಎಡಗಾಲಿನ ತುದಿ ಮೆಟ್ಟಿಲಿನ ಸಂದಿನಲ್ಲಿ ಸಿಕ್ಕಿಕೊಂಡು, ಮೈ ಹಿಂದಕ್ಕೆ ಬಿದ್ದಿತ್ತು. ಎಲುಬು ಡಾಕ್ಟರು ಒತ್ತಿ ನೋಡಿ ಚೀಟಿ ಬರೆದರು: ಎಡ ಪಾದ, ಮೂರು ಭಂಗಿ, ನಿಲ್ಲಿಸಿ.

ನಾನು ಎಂದಿನಂತೆ ಮೊದಲು ಪ್ಲೇಟಿಗೆ ಗುರುತು ಅಂಟಿಸಿದೆ, ಅಕ್ಷರ, ಪಕ್ಕದಲ್ಲಿ ಬಾಣ. ಪೀಠದ ಮೇಲೆ ಇಟ್ಟೆ. "ಹತ್ತು" ಅಂದೆ. ಅವಳು ಕಂಬಿ ಹಿಡಿದು ಹತ್ತಿದಳು. ಎಡಗಾಲು ಊರಿದಳು. ಮುಖದ ಬಣ್ಣವೇ ಇಳಿದುಹೋಯಿತು.

"ಅತ್ತಿಗೆ, ಆಗ್ತಿಲ್ಲ."

"ಎರಡು ನಿಮಿಷ ಕಣೇ."

"ಆಗ್ತಿಲ್ಲ ಅತ್ತಿಗೆ. ದಮ್ಮಯ್ಯ."

ಬೇರೆ ಯಾರಾದರೂ ಆಗಿದ್ದರೆ ಗದರಿಸಿ ನಿಲ್ಲಿಸುತ್ತಿದ್ದೆ. ಗಾರೆ ಕೆಲಸದ ಗಟ್ಟಿಗರು ಅಳುವುದನ್ನು ಕಂಡಿದ್ದೇನೆ, ಅಳಿಸಿಯೇ ನಿಲ್ಲಿಸಿದ್ದೇನೆ. ಅವತ್ತು ಎಂದೂ ಕರಗದ ಮನಸ್ಸು ಕರಗಬಾರದ ಜಾಗದಲ್ಲಿ ಕರಗಿತು. ಅವಳನ್ನು ತಬ್ಬಿ ಇಳಿಸಿ, ಕುರ್ಚಿಯಲ್ಲಿ ಕೂರಿಸಿ, ಅದೇ ಪ್ಲೇಟನ್ನು ಎತ್ತಿ ಅವಳ ಪಾದದ ಕೆಳಗೆ ಸರಿಸಿದೆ. ಮೃದುವಾಗಿ ಹಿಡಿದು ಮೂರೂ ಭಂಗಿ ತೆಗೆದೆ. ಹೊರಗೆ ಹದಿನೈದು ಜನ ಕಾಯುತ್ತಿದ್ದರು. ಚಿತ್ರಗಳನ್ನು ಡಾಕ್ಟರ ಪರದೆಗೆ ಕಳಿಸಿ, ಮುಂದಿನವರನ್ನು ಕರೆದೆ. ಬಾಣವನ್ನು ಕೀಳಲಿಲ್ಲ. ಅದು ಅಲ್ಲಿದೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ.

ಡಾಕ್ಟರು ಉಳುಕು ಅಂದರು. ಮುರಿತವಿಲ್ಲ, ಪಟ್ಟಿ ಸುತ್ತಿ, ನೋವಿನ ಮಾತ್ರೆ ತಗೊಳ್ಳಿ, ನಿಧಾನಕ್ಕೆ ನಡೆಯಲು ಶುರುಮಾಡಿ. ವರದಿಯನ್ನು ಲಕೋಟೆಗೆ ಹಾಕಿ ಕೊಟ್ಟರು. ಲಕೋಟೆ ಮನೆಗೆ ಬಂದು ಟಿವಿಯ ಮೇಲೆ ಕೂತಿತು. ಅದನ್ನು ಯಾರೂ ಬಿಚ್ಚಲಿಲ್ಲ.

ಶುಕ್ರವಾರ ಡಿಪೋದ ತರಬೇತಿ ಮಾಸ್ತರರು ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಆದರೆ ಅವರ ಕೈಯಲ್ಲೂ ನಿಯಮದ ಪುಸ್ತಕ. "ಎಕ್ಸ್‌ರೇ ಸರಿ ಇದೆ ಅಂದ್ಮೇಲೆ ಸೋಮವಾರ ಬರಲೇಬೇಕಮ್ಮ. ಮುರಿದಿದ್ರೆ ಡಾಕ್ಟರ ಕಾಗದ ತನ್ನಿ, ತಾರೀಖು ಮುಂದೂಡ್ತೀವಿ. ಸುಮ್ಮನೆ ಬರದಿದ್ರೆ ಪಟ್ಟಿಯಿಂದ ಹೆಸರು ಹೋಗುತ್ತೆ."

"ಪರೀಕ್ಷೆ ಬಂತು, ಹಿಂದೆಯೇ ಹೊಟ್ಟೆನೋವೂ ಬಂತು" ಎಂದ ನನ್ನ ಗಂಡ. "ಈ ಸಲ ಸ್ವಲ್ಪ ಕೆಳಗೆ ಇಳಿದಿದೆ ಅಷ್ಟೇ."

ಅವಳು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತೇ ಇದ್ದಳು. ಶನಿವಾರವೂ ಹಾಗೇ ಕೂತಿದ್ದಳು. ನನಗೆ ರೇಗಿತು. ನಾನೇ ತೆಗೆದ ಚಿತ್ರ, ಅದರಲ್ಲಿ ಏನೂ ಇಲ್ಲ, ಹೀಗಿರುವಾಗ ಇವಳದೇನು. ಆರು ತಿಂಗಳು ಒಂದು ಆಸೆ ಹುಟ್ಟಿಸಿ ಈಗ ಕೈಕೊಡುತ್ತಿದ್ದಾಳಲ್ಲ ಎಂಬ ಸಿಟ್ಟು. ಅವಳ ಮೇಲೆ ಅಷ್ಟು ಆಸೆ ಇಟ್ಟುಕೊಂಡಿದ್ದೆನೆಂದು ನನಗೂ ಆಗಲೇ ಗೊತ್ತಾದದ್ದು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ದಿಂಬು ಸರಿಸಿ ಎದ್ದಳು. ಗೋಡೆ ಹಿಡಿದುಕೊಂಡು ಮಲಗುವ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಲಗುವ ಕೋಣೆಗೆ ನಡೆಯತೊಡಗಿದಳು. "ಹಾಂ, ಹಾಗೆ. ನಡೆದಷ್ಟೂ ಬಿಡುತ್ತೆ" ಎಂದು ನಾನು ತರಕಾರಿ ಹೆಚ್ಚುತ್ತ ಸುತ್ತುಗಳನ್ನು ಎಣಿಸಿದೆ. ಇಪ್ಪತ್ತು ಸುತ್ತು ನಡೆದಳು. ಸಂಜೆ ಇನ್ನಿಪ್ಪತ್ತು. ಗೋಡೆಯ ಮೇಲೆ ಅವಳ ಬೆವರು ಕೈಯ ಗುರುತು ಸಾಲಾಗಿ ಉಳಿದಿತ್ತು. ಬಟ್ಟೆ ತಂದು ಒರೆಸಿದವಳೂ ನಾನೇ.

ಭಾನುವಾರ ಮಧ್ಯಾಹ್ನ ಅವಳು ಕಿಟಕಿಯ ಪಕ್ಕದ ಸೋಫಾದಲ್ಲಿ ಮಲಗಿದ್ದಳು. ಸೆಖೆಗೆ ಪಟ್ಟಿ ಬಿಚ್ಚಿ, ಕಾಲನ್ನು ಸೋಫಾದ ಕೈಯ ಮೇಲೆ ಎತ್ತಿ ಇಟ್ಟಿದ್ದಳು. ಒಗೆದ ಬಟ್ಟೆ ಮಡಚಿಡಲು ಹೋದ ನನಗೆ ಅವಳ ಅಂಗಾಲು ಎದುರಾಯಿತು. ನಡುವಿನ ಗುಳಿಯಲ್ಲಿ ಹೆಬ್ಬೆರಳಿನಷ್ಟು ಅಗಲ ನೀಲಿಗಟ್ಟಿತ್ತು.

ನನಗೆ ಕೆಲಸ ಕಲಿಸಿದ ದೊಡ್ಡ ಡಾಕ್ಟರೊಬ್ಬರಿದ್ದರು, ಈಗಿಲ್ಲ. ಪಾದದ ಮೇಲೆ ನೀಲಿಯಾದರೆ ಹೆದರಬೇಡ, ಅಂಗಾಲಿನ ನಡುವೆ ನೀಲಿಯಾದರೆ ನಿಲ್ಲಿಸಿ ಚಿತ್ರ ತೆಗೆಯದೆ ಕಳಿಸಬೇಡ ಎಂದು ಅವರು ನೂರು ಸಲ ಹೇಳಿದ್ದರು. ಅದು ನಾರು ಹರಿದ ಗುರುತು. ನಾನು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟೆ. ಲಕೋಟೆ ಬಿಚ್ಚಿ ವರದಿ ಓದಿದೆ. ಕೊನೆಯ ಸಾಲು: ನಿಂತ ಭಂಗಿಯಲ್ಲೂ ಎಲುಬುಗಳ ಸಾಲು ಸರಿಯಾಗಿದೆ.

ಸದ್ಯ ಎಂದುಕೊಂಡೆ. ನಿಂತಾಗಲೂ ಸರಿಯಿದ್ದರೆ ನೀಲಿಗೆ ಹೆದರಬೇಕಾಗಿಲ್ಲ. ಅಷ್ಟರಲ್ಲಿ ಅವಳು ಕಣ್ಣು ಬಿಟ್ಟಳು.

"ಏನು ಓದ್ತಿದೀರಿ ಅತ್ತಿಗೆ?"

"ನಿಂತು ತೆಗೆದಿದ್ರಲ್ಲೂ ಸರಿ ಇದೆಯಂತೆ. ಸುಮ್ಮನೆ ಗಾಬರಿಯಾದೆ."

"ನಾನೆಲ್ಲಿ ನಿಂತಿದ್ದೆ?" ಅಂದಳು. ಜಗಳದ ದನಿಯಲ್ಲಿ ಅಲ್ಲ, ನಿದ್ದೆಗಣ್ಣಿನಲ್ಲಿ. "ಆಗಲ್ಲ ಅಂದೆ, ಕುರ್ಚಿ ಮೇಲೆ ಕೂರಿಸಿದ್ರಲ್ಲ. ಪಾಪ, ನೀವು ಅವತ್ತು ಎಷ್ಟು ಮೆತ್ತಗೆ ಹಿಡಿದುಕೊಂಡಿದ್ರಿ."

ಬಾಣ ನೆನಪಾಯಿತು.

ಆಮೇಲೆ ಆ ಸಂಜೆಯೆಲ್ಲ ನನ್ನ ತಲೆಯಲ್ಲಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸುಲಭದ ದಾರಿಯೊಂದಿತ್ತು. ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಿ ನಿಲ್ಲಿಸಿ ಹೊಸ ಚಿತ್ರ ತೆಗೆಯುವುದು, "ಡಾಕ್ಟ್ರೇ, ನೋವು ಜಾಸ್ತಿ ಅಂದಳು, ಮತ್ತೆ ತೆಗೆದೆ, ಈಗ ಕಾಣಿಸ್ತಿದೆ ನೋಡಿ" ಅನ್ನುವುದು. ಗುರುವಾರ ಇರಲಿಲ್ಲ, ಆಮೇಲೆ ಆಯಿತು. ಯಾರು ಕೇಳುತ್ತಾರೆ. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಮೇಲೆ ಒಂದು ಕಪ್ಪು ಚುಕ್ಕೆಯಿಲ್ಲ. ಹೊಸದಾಗಿ ಸೇರುವ ಹುಡುಗಿಯರಿಗೆ ಗುರುತು ಅಂಟಿಸುವುದನ್ನು ಕಲಿಸುವವಳೇ ನಾನು. ಚಪ್ಪಲಿ ಕಳಚುವುದನ್ನು ಮರೆತವರನ್ನು ಬೈಯುವ ಹಾಗೆ, ಗುರುತು ತಪ್ಪಿದವರನ್ನು ಎಲ್ಲರೆದುರು ಬೈದಿದ್ದೇನೆ. ಆ ಬೈಗುಳಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

ಆದರೆ ಆ ದಾರಿ ಹಿಡಿದರೆ, ಗುರುವಾರ ಅವಳ ಕಾಲು ಸರಿಯಿತ್ತು ಎಂದೇ ಕಡತದಲ್ಲಿ ಉಳಿಯುತ್ತದೆ. ಮೂರು ದಿನ ಅವಳು ಸಬೂಬು ಹೇಳಿದಳು ಎಂದೇ ಉಳಿಯುತ್ತದೆ. ಡಿಪೋದಲ್ಲೂ ಉಳಿಯುತ್ತದೆ, ಮನೆಯಲ್ಲೂ ಉಳಿಯುತ್ತದೆ.

ಸೋಮವಾರ ಏಳೂವರೆಗೆ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಕೋಣೆಗೆ ಹೋದೆ. ಎಲುಬು ಡಾಕ್ಟರಿಗೆ ಫೋನ್ ಮಾಡಿ, ಮತ್ತೊಮ್ಮೆ ತೆಗೆಯಬೇಕು, ಕಾರಣ ಎದುರಿಗೆ ಹೇಳುತ್ತೇನೆ ಎಂದು ಒಪ್ಪಿಗೆ ಪಡೆದಿದ್ದೆ. ಅವಳು ಡಿಪೋದ ಸಮವಸ್ತ್ರ ಹಾಕಿಕೊಂಡಿದ್ದಳು. ಇಲ್ಲಿಂದ ಸೀದಾ ಪರೀಕ್ಷೆಗೆ ಹೋಗುವುದು ಅವಳ ಲೆಕ್ಕ.

"ಕೇಳು" ಅಂದೆ. "ಈ ಸಲ ನಿಲ್ಲಬೇಕು. ಎರಡೂ ಕಾಲಿನ ಮೇಲೆ ಸಮಭಾರ ಹಾಕಿ. ಒಂದು ಕಡೆ ವಾಲಿದ್ರೆ ಆಗಲ್ಲ. ತುಂಬ ನೋಯುತ್ತೆ. ನೋಯಲ್ಲ ಅಂತ ನಾನು ಹೇಳಲ್ಲ."

"ಎಷ್ಟು ಹೊತ್ತು?"

"ನಾನು ಎಣಿಸ್ತೀನಿ. ಐದು."

ಪ್ಲೇಟನ್ನು ಪೀಠದ ಮೇಲಿಟ್ಟೆ. ಅಕ್ಷರ ಅಂಟಿಸಿದೆ. ಬಾಣವನ್ನು ಕೈಯಲ್ಲೇ ಇಟ್ಟುಕೊಂಡೆ. ಅವಳು ಹತ್ತಿ, ಎರಡೂ ಪಾದ ಜೋಡಿಸಿ, ಕಂಬಿ ಹಿಡಿದು, ಭಾರ ಬಿಟ್ಟಳು. ಗಂಟಲಿನಿಂದ ಒಂದು ಸದ್ದು ಬಂತು. ಬಲಕ್ಕೆ ವಾಲಿದಳು. "ಎಡಕ್ಕೆ" ಅಂದೆ. ನನ್ನ ದನಿ ನನಗೇ ಕಟುಕರ ದನಿಯಂತೆ ಕೇಳಿಸಿತು. ಎಡಕ್ಕೆ ಬಂದಳು. ಅವಳು ನಿಂತಿದ್ದನ್ನು ಕಣ್ಣಾರೆ ನೋಡಿದ ಮೇಲೆ ಬಾಣ ಅಂಟಿಸಿದೆ. ಓಡಿ ಹೋಗಿ ಗಾಜಿನ ಹಿಂದಿನಿಂದ ಎಣಿಸುತ್ತ ಗುಂಡಿ ಒತ್ತಿದೆ. ಮೂರಕ್ಕೇ ಆಯಿತು, ಆದರೂ ಹಲ್ಲು ಕಚ್ಚಿಕೊಂಡು ಅವಳು ಐದರವರೆಗೂ ನಿಂತಳು.

ಪರದೆಯ ಮೇಲೆ ಎರಡು ಪಾದಗಳು ಪಕ್ಕಪಕ್ಕ ಮೂಡಿದವು. ಹೆಬ್ಬೆರಳಿನ ಉದ್ದ ಎಲುಬಿಗೂ ಪಕ್ಕದ ಬೆರಳಿನ ಉದ್ದ ಎಲುಬಿಗೂ ಬುಡದಲ್ಲಿ ಒಂದು ಗೆರೆಯಷ್ಟು ಸಂದಿರಬೇಕು. ಬಲಪಾದದಲ್ಲಿ ಹಾಗೇ ಇತ್ತು. ಎಡಪಾದದಲ್ಲಿ ಆ ಸಂದಿನೊಳಗೆ ಒಂದು ಬೆಂಕಿಕಡ್ಡಿ ಮಲಗಿಸಬಹುದಿತ್ತು.

ಡಾಕ್ಟರು ಎಂಟಕ್ಕೆ ಬಂದರು. ನನ್ನ ಅರ್ಧ ವಯಸ್ಸಿನವರು, ನನ್ನನ್ನು ಮೇಡಂ ಎಂದೇ ಕರೆಯುವವರು. ಎರಡೂ ದಿನದ ಚಿತ್ರ ಪರದೆಯ ಮೇಲೆ ಹಾಕಿ ನಿಂತೆ. "ಗುರುವಾರದ್ದು ನಿಂತು ತೆಗೆದದ್ದಲ್ಲ ಡಾಕ್ಟ್ರೇ. ನೋವು ಅಂದಳು, ಕೂರಿಸಿ ತೆಗೆದೆ. ಬಾಣ ತೆಗೆಯೋದು ಮರೆತೆ. ನೀವು ಓದಿದ್ದರಲ್ಲಿ ತಪ್ಪಿಲ್ಲ, ನಾನು ಹಾಕಿದ ಗುರುತು ತಪ್ಪು."

ಅವರು ಎರಡೂ ಚಿತ್ರಗಳನ್ನು ದೊಡ್ಡದು ಮಾಡಿ ಮತ್ತೆ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು.

"ಈ ಮೂರು ದಿನ ಕಾಲು ಊರಿದಾರಾ?"

"ನಲವತ್ತು ಸುತ್ತು ನಡೆದಿದಾಳೆ. ನಾನೇ ನಡೆಸಿದೆ."

ಆಪರೇಷನ್ ಆಗಬೇಕು, ಸ್ಕ್ರೂ ಹಾಕಿ ಎಲುಬುಗಳನ್ನು ಹತ್ತಿರ ತರಬೇಕು, ನಾಲ್ಕೈದು ತಿಂಗಳು ಬೇಕು ಎಂದರು. ನಡೆಯದೇ ಇದ್ದಿದ್ದರೆ ಸಂದು ಇಷ್ಟು ಅಗಲವಾಗದೇ ಇರಬಹುದಿತ್ತು, ಖಚಿತವಾಗಿ ಹೇಳಲಾಗದು. ಮತ್ತೆ ಕ್ಲಚ್ ಒತ್ತಬಹುದೇ ಎಂದು ಕೇಳಿದೆ. "ಒತ್ತಬಹುದು ಅಂತಲೇ ಅನ್ಸುತ್ತೆ. ಇವತ್ತು ಹತ್ತು ಗಂಟೆಗೆ ಒತ್ತಿದ್ರೆ ಆ ಮಾತು ಹೇಳ್ತಿರಲಿಲ್ಲ." ಡಿಪೋಗೆ ತಾವೇ ಫೋನ್ ಮಾಡಿ, ಗುರುವಾರವೇ ಆದ ಪೆಟ್ಟು, ಆಸ್ಪತ್ರೆಯ ಕಡೆಯಿಂದ ತಪ್ಪಾಗಿ ತಡವಾಗಿ ಪತ್ತೆಯಾಯಿತು ಎಂದು ಹೇಳಿದರು. ಕಾಗದವನ್ನೂ ಹಾಗೆಯೇ ಬರೆದರು. ಹೆಸರು ಪಟ್ಟಿಯಲ್ಲಿ ಉಳಿಯಿತು, ಮುಂದಿನ ತಂಡದ ಜೊತೆ ಪರೀಕ್ಷೆ ಎಂದರು ಮಾಸ್ತರರು. ಡಾಕ್ಟರು ನನಗೆ, ಆದ ತಪ್ಪನ್ನು ಬರೆದುಕೊಡುವ ನಮೂನೆಯೊಂದನ್ನು ಕೊಟ್ಟರು, ಮೇಲಿನವರಿಗೆ ಹೋಗಬೇಕಾದದ್ದು. ಕಾರಣ ಎಂಬ ಕಡೆ ಏನು ಬರೆಯಬೇಕೆಂದು ಬಹಳ ಹೊತ್ತು ತಿಳಿಯಲಿಲ್ಲ. ಕೊನೆಗೆ 'ಮನೆಯವಳೆಂದು ಕನಿಕರ' ಎಂದು ಬರೆದು ಸಹಿ ಹಾಕಿದೆ.

ಕೋಣೆಗೆ ವಾಪಸ್ಸು ಬಂದಾಗ ಅವಳು ಗಾಲಿಕುರ್ಚಿಯಲ್ಲೇ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದಳು. ಎಲ್ಲ ಹೇಳಿದೆ. ಬಾಣದ್ದು, ಸಂದಿನದ್ದು, ಸ್ಕ್ರೂನದ್ದು, ಪಟ್ಟಿಯಲ್ಲಿ ಉಳಿದ ಹೆಸರಿನದ್ದು, ನಲವತ್ತು ಸುತ್ತಿನದ್ದು. ನನ್ನ ತಪ್ಪು ಎಂದು ಎರಡು ಸಲ ಹೇಳಿದೆ. ಅವಳು ಚಿತ್ರ ನೋಡಬೇಕು ಅಂದಳು. ಕುರ್ಚಿಯನ್ನು ಪರದೆಯ ಹತ್ತಿರ ತಳ್ಳಿದೆ. ಬೆರಳಿಟ್ಟು ಸಂದು ತೋರಿಸಿದೆ.

ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂತು. ನೋವಿಗೆ ಇರಬೇಕು, ನನ್ನ ಮೇಲಿನ ಸಿಟ್ಟಿಗೆ ಇರಬೇಕು ಎಂದುಕೊಂಡೆ.

"ಹಾಗಾದ್ರೆ ಇದೆ" ಅಂದಳು.

"ಏನು?"

"ನೋವು. ನಿಜವಾಗ್ಲೂ ಇದೆ." ಅಂಗೈಯಿಂದ ಮುಖ ಒರೆಸಿಕೊಂಡಳು. "ನೀವು ತೆಗೆದ ಎಕ್ಸ್‌ರೇ ತಪ್ಪೋದೇ ಇಲ್ಲ ಅಂತ ಎಲ್ಲರೂ ಹೇಳ್ತಾರಲ್ಲ ಅತ್ತಿಗೆ. ಶನಿವಾರ ನಡೀತಾ ನಡೀತಾ ನನಗೇ ಅನುಮಾನ ಬಂತು. ಹೆದರಿಕೆಗೆ ನಾನೇ ನೋವು ಹುಟ್ಟಿಸ್ಕೊಂಡಿದೀನೇನೋ ಅಂತ. ಚಿಕ್ಕವಳಿದ್ದಾಗ ಹೊಟ್ಟೆನೋವು ಬರ್ತಿತ್ತಲ್ಲ, ಅದೂ ಸುಳ್ಳೇ ಇತ್ತೇನೋ, ನಾನು ಹುಟ್ಟಿದ್ದೇ ಹೀಗೇನೋ ಅಂತ."

ಅವಳ ಎದುರು ನೆಲದ ಮೇಲೆ ಕೂತೆ. ಪಟ್ಟಿ ಸುತ್ತಬೇಕಾಗಿತ್ತು, ಸುತ್ತಲಿಲ್ಲ. ಅವಳ ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಯಾವ ಭಂಗಿಗೂ ಅಲ್ಲ. ಬಿಸಿಯಾಗಿತ್ತು, ಬಾತುಕೊಂಡಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ನಿಜವಾಗಿ ಹಿಡಿದ ಕಾಲು ಅದೊಂದೇ.

"ಅಯ್ಯೋ, ಬಿಡಿ ಅತ್ತಿಗೆ, ದೊಡ್ಡವರು ನೀವು" ಅಂದಳು. ನಾನು ಬಿಡಲಿಲ್ಲ. ಆಮೇಲೆ ನನ್ನ ಭುಜ ತಟ್ಟಿದಳು.

"ಏಳಿ ಅತ್ತಿಗೆ. ಹೊರಗೆ ಜನ ಕಾಯ್ತಿದಾರೆ."